ಟಗರು ಮಾರ್ಕಿನ ತೋಟಾ

ಎಲ್ಲ ರಗಳೆಗೂ ಮೂಲ ಆ ಹಾಳು ಟಗರು ಮಾರ್ಕಿನ ಪಿಸ್ತೂಲು ತೋಟಾ. ದನದ ಮೇವಿನ ಅಂಗಡಿಯಲ್ಲಿ, ನಾಯಿ ಬಿಸ್ಕತ್ತಿನ ಮೂಟೆಗಳ ಪಕ್ಕ, 'ಅರ್ಧ ಬೆಲೆ' ಅಂತ ಚೀಟಿ ಅಂಟಿಸಿಕೊಂಡು ಕೂತಿತ್ತು. ಡೆಲ್ಮರ್ ಪ್ರೂಯಿಟ್ ಹಿಂದೆ ಮುಂದೆ ನೋಡದೆ ಕೈತುಂಬ ಡಬ್ಬ ಎತ್ತಿಕೊಂಡು ಬಂದ. ಹಿತ್ತಾಳೆಯ ತೋಟಾ ಅಲ್ಲ, ಬೂದು ಬಣ್ಣ ಬಳಿದ ಕಬ್ಬಿಣದ್ದು. 'ಅಭ್ಯಾಸಕ್ಕೆ ಮಾತ್ರ' ಎಂದು ಡಬ್ಬದ ಮೇಲೇ ದಪ್ಪಕ್ಷರದಲ್ಲಿ ಬರೆದಿತ್ತು. ಅಭ್ಯಾಸದ ತೋಟಾವನ್ನು ಪಂದ್ಯಕ್ಕೆ ತರುವವನನ್ನು ಏನೆಂದು ಕರೆಯಬೇಕು? ಮಿಸೌರಿಯ ನಮ್ಮ ಪುಟ್ಟ ಪಿಸ್ತೂಲು ಕ್ಲಬ್ಬಿನಲ್ಲಿ ಡೆಲ್ಮರ್ ಎಂದು ಕರೆಯುತ್ತಾರೆ.

ಪಂದ್ಯವೂ ಅಂಥಿಂಥದ್ದಲ್ಲ. ಡೆಲ್ಮರನ ಮಾವ ಸಾಯುವ ಮುಂಚೆ ತನ್ನ ಕಾಡಿನಲ್ಲಿ ಎರಡು ಬೇಟೆಯ ಅಟ್ಟಣೆ ಕಟ್ಟಿಸಿದ್ದ. ಒಂದು ದಿಬ್ಬದ ಓಕ್ ಮರದ ಮೇಲೆ. ಅಲ್ಲಿ ಜಿಂಕೆಗಳು ಕರೆದವರ ಹಾಗೆ ಬಂದು ನಿಲ್ಲುತ್ತವೆ. ಇನ್ನೊಂದು ಕೆಳಗಿನ ಕೊಚ್ಚೆ ಹಳ್ಳದ ಪಕ್ಕ. ಅಲ್ಲಿಗೆ ಬರುವುದು ನೆಗಡಿ ಒಂದೇ. ಮುದುಕ ಮಗನಿಗೂ ಅಳಿಯನಿಗೂ ಒಂದೇ ಥರದ ಪಿಸ್ತೂಲು ಕೊಡಿಸಿ, "ಪ್ರತಿ ವರ್ಷ ಕ್ಲಬ್ಬಿನ ಪಂದ್ಯದಲ್ಲಿ ನಿಮ್ಮಿಬ್ಬರಲ್ಲಿ ಯಾರು ಮುಂದೋ ಅವರು ಬೇಟೆಯ ಮೊದಲ ದಿನ ಓಕ್ ಮರ ಹತ್ಲಿ" ಎಂದು ಹೇಳಿ ಕಣ್ಣು ಮುಚ್ಚಿದ. ಅಂದಿನಿಂದ ಓಕ್ ಮರದ ಮೇಲೆ ಬಾಮೈದ ಗ್ರೇಡಿ, ಕೊಚ್ಚೆಯಲ್ಲಿ ಡೆಲ್ಮರ್. ಈ ಸಲ ಹೆಂಡತಿ ಲೊರೇನ್ ಬಾಗಿಲಲ್ಲೇ ಹೇಳಿದ್ದಳು. "ಈ ವರ್ಷನೂ ಕೆಸರು ಬೂಟು ಹಾಕ್ಕೊಂಡು ಬಂದ್ರೆ ನೀವೇ ತೊಳ್ಕೋಬೇಕು, ನೋಡಿ."

ಮೊದಲ ಸುತ್ತು. ಸುತ್ತಿಗೆ ಹತ್ತು ಗುಂಡು. ಕ್ಲಬ್ಬಿನ ನಿಯಮ ಕಟುಕನ ನಿಯಮ. ತೋಟಾ ಸಿಕ್ಕಿಕೊಂಡರೆ ನಿಮ್ಮ ಕರ್ಮ, ಗಡಿಯಾರ ನಿಲ್ಲುವುದಿಲ್ಲ. ಗುಂಡು ಹೊಡೆಯುವವರ ಸಾಲಿನ ಉಸ್ತುವಾರಿ ವರ್ನಾಳದು. ಎಪ್ಪತ್ತು ದಾಟಿದ ಹೆಂಗಸು, ಕತ್ತಿನಲ್ಲಿ ಸೀಟಿ. ಅವಳು ಸೀಟಿ ಊದಿದಳು. ಡೆಲ್ಮರ್ ಎರಡು ಗುಂಡು ಹೊಡೆದ. ಮೂರನೆಯದಕ್ಕೆ ಪಿಸ್ತೂಲು ಕಚ್ಚಿಕೊಂಡಿತು. ಖಾಲಿ ಕೋಶ ಹೊರಗೆ ಹಾರುವ ಬದಲು ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಸ್ಲೈಡಿನ ಬಾಯಿಗೆ ಸಿಕ್ಕಿ, ಒಲೆಯ ಹೊಗೆ ಕೊಳವೆಯ ಹಾಗೆ ನೆಟ್ಟಗೆ ನಿಂತಿತ್ತು.

"ಥೂ, ನಿನ್ ಮನೆ ಹಾಳಾಗ!" ಎಂದು ಕಿತ್ತೆಸೆದ. ಮತ್ತೊಂದು ಹೊಡೆದ. ಮತ್ತೆ ಕೊಳವೆ. ಸಮಯ ಮುಗಿದಾಗ ಟಾರ್ಗೆಟ್ಟಿನ ಮೇಲೆ ತೂತುಗಳಿಗಿಂತ ಖಾಲಿ ಜಾಗವೇ ಹೆಚ್ಚಿತ್ತು.

ಆಗ ಶುರುವಾಯಿತು ನೋಡಿ ಉಪದೇಶ. ಯಾವನಾದರೂ ನೀರಿಗೆ ಬಿದ್ದರೆ ನಮ್ಮ ಊರಿನವರು ಹಗ್ಗ ಎಸೆಯುವುದಿಲ್ಲ, ದಡದಲ್ಲಿ ನಿಂತು ಈಜು ಹೇಳಿಕೊಡುತ್ತಾರೆ.

"ಎಣ್ಣೆ ಕಣಯ್ಯಾ, ಎಣ್ಣೆ!" ಎಂದು ಓಡಿಬಂದ ಓಟಿಸ್. ಶಾಲಾ ಬಸ್ಸು ಓಡಿಸಿ ನಿವೃತ್ತನಾದವನು. ಕೀಲುನೋವಿಗೂ ಎಣ್ಣೆ, ಮನಸ್ತಾಪಕ್ಕೂ ಎಣ್ಣೆ ಅನ್ನುವ ಜಾತಿ. "ಒಣಗಿದ ಪಿಸ್ತೂಲು ಕಚ್ಕೊಳ್ದೆ ಇನ್ನೇನ್ ಮಾಡತ್ತೆ? ಕೊಡು ಇಲ್ಲಿ."

ವರ್ನಾ ಮಾತ್ರ ಕಣ್ಣು ಕಿರಿದು ಮಾಡಿ, "ಡೆಲ್ಮರ್, ಹೊಡೆಯೋವಾಗ ನಿನ್ನ ಮಣಿಕಟ್ಟು ಸೋತ್ಹೋಗ್ತಿದೆ ಮಗಾ. ಗಟ್ಟಿಯಾಗಿ ಹಿಡಿ" ಅಂದಳು.

ಡೆಲ್ಮರನಿಗೆ ಪಿತ್ತ ನೆತ್ತಿಗೇರಿತು. "ನನ್ನ ಕೈಯಲ್ಲಿ ಏನೂ ದೋಷ ಇಲ್ಲ ವರ್ನಕ್ಕಾ! ಈ ಟಗರು ಮಾರ್ಕಿನ ಕಳ್ಳ ಮಾಲು ತಯಾರು ಮಾಡಿದೋನು ಸಿಕ್ರೆ ಹೇಳಿ, ಅವನ ಮಣಿಕಟ್ಟು ನಾನು ಮುರೀತೀನಿ!"

"ಆಯ್ತಪ್ಪ, ಹಾರಾಡಬೇಡ" ಎಂದು ಅವಳು ಬೇರೆ ಕಡೆ ತಿರುಗಿದಳು.

ಎರಡನೇ ಸುತ್ತು ಇನ್ನೂ ಘೋರವಾಯಿತು. ಓಟಿಸ್ ಸುರಿದ ಎಣ್ಣೆ ಮೊದಲ ಗುಂಡಿಗೇ ಚಿಮ್ಮಿ ಡೆಲ್ಮರನ ಕನ್ನಡಕದ ತುಂಬ ಕೂತಿತು. ಕಣ್ಣಿಗೆ ಟಾರ್ಗೆಟ್ಟು ಕಾಣಲಿಲ್ಲ. ಪಿಸ್ತೂಲು ಎಂದಿನಂತೆ ಮೂರಕ್ಕೊಮ್ಮೆ ಕಚ್ಚಿತು. ಸಾಲಿನ ಆ ತುದಿಯಲ್ಲಿ ಗ್ರೇಡಿಯ ಪಿಸ್ತೂಲು ಮಾತ್ರ ಹೊಲಿಗೆ ಯಂತ್ರದಂತೆ ನಿಲ್ಲದೆ ಓಡುತ್ತಿತ್ತು. ಆ ಸದ್ದು ಕೇಳಿಯೇ ಡೆಲ್ಮರನ ಹೊಟ್ಟೆ ಉರಿಯುತ್ತಿತ್ತು.

ಊಟದ ಹೊತ್ತಿಗೆ ಗ್ರೇಡಿ ಬೀನ್ಸ್ ಸಾರಿನ ಬಟ್ಟಲು ಹಿಡಿದು ಹಲ್ಲು ಕಿರಿಯುತ್ತ ಬಂದ.

"ಏನ್ ಭಾವ, ಪಿಸ್ತೂಲೋ ಹೊಗೆ ಕೊಳವೆಯೋ?"

"ಬಾಯ್ ಮುಚ್ಚೋ ಗ್ರೇಡಿ."

"ಜುಗ್ಗತನ ಮಾಡಬಾರ್ದು ಭಾವ. ನನ್ನ ನೋಡಿ." ತನ್ನ ಮೇಜಿನ ಮೇಲೆ ಇಟ್ಟಿದ್ದ ನೀಲಿ ಡಬ್ಬವನ್ನು ತೋರಿಸಿದ. ಅದು ಪೊಲೀಸರು ಕೊಳ್ಳುವಂಥ ಭಾರಿ ಮಾಲು. ಪಕ್ಕದಲ್ಲಿ ಕೊನೆಯ ಸುತ್ತಿಗೆ ತೋಟಾ ತುಂಬಿಟ್ಟ, ಪಿಸ್ತೂಲಿನ ಹಿಡಿಯೊಳಗೆ ಸೇರಿಸುವ ಮ್ಯಾಗಝಿನ್. ಅದರ ತುದಿಯಲ್ಲಿ ಹಿತ್ತಾಳೆಯ ತೋಟಾ ಚಿನ್ನದ ಹಾಗೆ ಹೊಳೆಯುತ್ತಿತ್ತು.

ಡೆಲ್ಮರ್ ಅವಮಾನ ನುಂಗಿಕೊಂಡ. "ಒಂದು ಹತ್ತು ಕೊಡೋ. ಒಂದೇ ಸುತ್ತಿಗೆ."

"ಅಯ್ಯೋ, ಆಗಲ್ಲ ಭಾವ. ಲೆಕ್ಕ ಹಾಕಿ ತಂದಿದೀನಿ" ಎಂದು ಗ್ರೇಡಿ ಡಬ್ಬದ ಮುಚ್ಚಳವನ್ನು ಅವಸರವಾಗಿ ಅದುಮಿ, ಜೋಳದ ಬ್ರೆಡ್ಡು ತರಲು ಹೊರಟುಹೋದ.

ಹೆಂಡತಿಯ ತಮ್ಮ. ಸ್ವಂತ ಅಕ್ಕನ ಗಂಡನಿಗೆ ಹತ್ತು ತೋಟಾ ಕೊಡಲಾರ! ಡೆಲ್ಮರನ ಮೈಯೆಲ್ಲ ಉರಿದುಹೋಯಿತು. ಎಲ್ಲರೂ ಸಾರಿನ ಪಾತ್ರೆಯ ಸುತ್ತ ಮುಕುರಿದ್ದರು. ಓಟಿಸ್ ಬೆಳಿಗ್ಗೆ ಕನಿಕರದಿಂದ ಕೊಟ್ಟಿದ್ದ ಒಂದೇ ಒಂದು ಹಿತ್ತಾಳೆಯ ತೋಟಾ ಜೇಬಿನಲ್ಲಿತ್ತು. ಡೆಲ್ಮರ್ ತನ್ನ ಮ್ಯಾಗಝಿನ್‌ಗೆ ಒಂಬತ್ತು ಟಗರು ತುಂಬಿ, ಮೇಲೆ ಆ ಹಿತ್ತಾಳೆಯದನ್ನು ಒತ್ತಿದ. ಗ್ರೇಡಿಯ ಮೇಜಿನ ಮೇಲೆ ಅದನ್ನಿಟ್ಟು, ಅವನದನ್ನು ಎತ್ತಿಕೊಂಡ. ಪಿಸ್ತೂಲುಗಳು ಒಂದೇ, ಮ್ಯಾಗಝಿನ್‌ಗಳೂ ಒಂದೇ. ಯಾರಿಗೂ ಗೊತ್ತಾಗುವಂತಿರಲಿಲ್ಲ. ಈಗ ಕಚ್ಚಿಕೊಳ್ಳಲಿ ಮಗನೇ, ನಿನ್ನದೂ ಕಚ್ಚಿಕೊಳ್ಳಲಿ ಎಂದು ಮನಸ್ಸಿನಲ್ಲೇ ಶಪಿಸಿದ.

ಮೂರನೇ ಸುತ್ತು. ಸೀಟಿ ಬಿತ್ತು. ಮೊದಲ ಗುಂಡು ನಡುವಿನ ಕಪ್ಪಿಗೇ ಬಡಿಯಿತು. ಅಬ್ಬಾ, ಹಿತ್ತಾಳೆ ಅಂದರೆ ಹಿತ್ತಾಳೆ! ಡೆಲ್ಮರನಿಗೆ ಓಕ್ ಮರದ ಕೊಂಬೆ ಕಣ್ಣೆದುರು ಬಂತು. ಎರಡನೆಯದನ್ನು ಹೊಡೆದ. ಕಟಕ್.

ಕೊಳವೆ.

ಕೋಪದಿಂದ ನೋಡಿದ. ಸ್ಲೈಡಿನ ಬಾಯಲ್ಲಿ ಸಿಕ್ಕಿಕೊಂಡಿದ್ದ ಕೋಶ ಬೂದು ಬಣ್ಣದ್ದು. ಕಿತ್ತೆಸೆದು ಮುಂದಿನದು ಹೊಡೆದ. ಅದೂ ಬೂದು. ಕೊನೆಯವರೆಗೂ ಬೂದು. ಆ ತುದಿಯಲ್ಲಿ ಗ್ರೇಡಿ ಡೆಲ್ಮರ್ ತುಂಬಿಟ್ಟಿದ್ದನ್ನು ಒಂದೂ ತಡೆಯಿಲ್ಲದೆ, ಹತ್ತಕ್ಕೆ ಹತ್ತೂ ಹೊಡೆದು ಮುಗಿಸಿದ.

ಪಂದ್ಯ ಮುಗಿದ ಮೇಲೆ ವರ್ನಾ ಗಾಲಿ ಇರುವ ಆಯಸ್ಕಾಂತದ ಕೋಲು ತಳ್ಳಿಕೊಂಡು ಬಂದಳು. ಹಿತ್ತಾಳೆಯ ಕೋಶಗಳನ್ನು ಎಲ್ಲರೂ ಹೆಕ್ಕಿಕೊಳ್ಳುತ್ತಾರೆ, ಕಬ್ಬಿಣದ್ದನ್ನು ಆಯಸ್ಕಾಂತವೇ ಎಳೆಯಬೇಕು. ಗ್ರೇಡಿ ನಿಂತಿದ್ದ ಬೂದು ಜಲ್ಲಿಯ ಮೇಲೆ ಅದು ಉರುಳಿದಾಗ ಜೇನುಹುಟ್ಟಿಗೆ ನೊಣ ಮುತ್ತಿದಂತೆ ಕೋಶಗಳು ಅಂಟಿಕೊಂಡವು. ಒಂದು ಸುತ್ತಿನವಲ್ಲ, ಮೂರೂ ಸುತ್ತಿನವು.

"ಲೋ ಗ್ರೇಡಿ! ಬೆಳಿಗ್ಗೆಯಿಂದ ನೀನೂ ಟಗರೇ ಹೊಡೀತಿದ್ದೀಯೇನೋ!" ಡೆಲ್ಮರ್ ಕಿರುಚಿದ. "ಮೇಲೊಂದು ಹಿತ್ತಾಳೆ ಇಟ್ಟು ಊರಿಗೆಲ್ಲ ಮಂಕುಬೂದಿ ಎರಚ್ತೀಯಾ?"

ಗ್ರೇಡಿ ಕಿವಿಯವರೆಗೂ ಕೆಂಪಾದ. ಆದರೂ ಮೆಲ್ಲಗೆ ಕೇಳಿದ. "ಮೇಲೊಂದು ಹಿತ್ತಾಳೆ ಇದ್ದಿದ್ದು ನಿಮಗೆ ಹೇಗ್ ಗೊತ್ತು ಭಾವ?" ಪಿಸ್ತೂಲಿನಿಂದ ಮ್ಯಾಗಝಿನ್ ಇಳಿಸಿ ತಳ ನೋಡಿದ. ಅಲ್ಲಿ ಕಳೆದ ವಾರವಷ್ಟೇ ಲೊರೇನ್ ಗಂಡನದೆಂಬ ಗುರುತಿಗೆ ಹಚ್ಚಿದ್ದ, ಡೆಲ್ಮರ್ ಮರೆತೇಬಿಟ್ಟಿದ್ದ ಉಗುರಿನ ಕೆಂಪು ಬಣ್ಣದ ಬೊಟ್ಟು ಮಿಂಚುತ್ತಿತ್ತು. "ಇದು ನಮ್ಮಕ್ಕನ ಬಣ್ಣ ಅಲ್ವಾ?"

ಸುತ್ತ ಇದ್ದವರೆಲ್ಲ ಬೊಟ್ಟು ನೋಡಲು ಬಗ್ಗಿದರು. ಓಟಿಸ್ ಕೂಡ ಎಣ್ಣೆಯ ಮಾತೆತ್ತಲಿಲ್ಲ.

"ಪಂದ್ಯದಲ್ಲಿ ಇನ್ನೊಬ್ಬರ ಮ್ಯಾಗಝಿನ್ ಎತ್ತೋದು ತಪ್ಪು" ಅಂದಳು ವರ್ನಾ. "ಡೆಲ್ಮರ್, ನಿನ್ನ ಮೂರನೇ ಸುತ್ತು ಲೆಕ್ಕಕ್ಕಿಲ್ಲ."

"ಸರಿ, ಹೊಡೀರಿ ನನ್ನ! ಆದ್ರೆ ಒಂದು ಹೇಳಿ ವರ್ನಕ್ಕಾ. ಇಬ್ರದ್ದೂ ಅದೇ ತೋಟಾ. ಅವನದ್ಯಾಕೆ ಕಚ್ಚಲ್ಲ? ಅಂದ್ರೆ ನನ್ನ ಪಿಸ್ತೂಲೇ ಖರಾಬು. ಮಾವ ಮಗನಿಗೆ ಒಳ್ಳೇದು ಕೊಟ್ಟು, ಅಳಿಯನಿಗೆ ಕೆಟ್ಟಿದ್ದು ದಾಟಿಸಿದ!"

ವರ್ನಾ ಮುಂದೆ ಬಂದಳು. ಅವನ ಪಿಸ್ತೂಲು ಕೈಗೆ ತೆಗೆದುಕೊಂಡು, ಹತ್ತು ಟಗರು ತುಂಬಿ, ಎಲ್ಲರನ್ನೂ ಹಿಂದಕ್ಕೆ ಸರಿಸಿದಳು. ಎಪ್ಪತ್ತು ದಾಟಿದ ಆ ಹೆಂಗಸು ಹತ್ತನ್ನೂ ತಡೆಯಿಲ್ಲದೆ ಹೊಡೆದಳು. ಖಾಲಿ ಪಿಸ್ತೂಲನ್ನು ಅವನ ಕೈಗಿಟ್ಟು, ಎರಡು ಬೆರಳಿನಿಂದ ಅವನ ಮಣಿಕಟ್ಟನ್ನು ಹಿಡಿದು ಅಲ್ಲಾಡಿಸಿದಳು. ಅದು ಗಡಗಡ ನಡುಗುತ್ತಿತ್ತು.

"ಬೆಳಿಗ್ಗೇನೇ ಹೇಳಿದ್ನಲ್ಲ" ಅಂದಳು. "ತೋಟಾ ಬಡವನದು ಮಗಾ, ಅದರ ಒದೆತ ಕಮ್ಮಿ. ಕೈ ಗಟ್ಟಿಯಾಗಿದ್ರೆ ಓಡತ್ತೆ. ನೀನು ಸಿಟ್ಟಲ್ಲಿ ನಡುಗಿಕೊಂಡು ಹಿಡಿದ್ರೆ ಹೇಗೆ ಓಡತ್ತೆ?"

ಡೆಲ್ಮರನಿಗೆ ಯಾರನ್ನು ಬೈಯಬೇಕೆಂದು ತಿಳಿಯಲಿಲ್ಲ. ಮೇವಿನ ಅಂಗಡಿ, ಟಗರು, ಓಟಿಸ್, ಬಾಮೈದ, ಸತ್ತ ಮಾವ, ಎಲ್ಲರನ್ನೂ ಬೆಳಿಗ್ಗೆಯಿಂದ ಬೈದಾಗಿತ್ತು. ಉಳಿದವನು ಒಬ್ಬನೇ. ಅವನನ್ನು ಬೈಯಲು ಬಾಯಿ ಬರಲಿಲ್ಲ.

ಬೇಟೆಯ ಮೊದಲ ಬೆಳಗ್ಗೆ ಅವನು ಕೊಚ್ಚೆ ಹಳ್ಳದ ಅಟ್ಟಣೆಯಲ್ಲಿ ಮೂಗು ಸುರಿಸುತ್ತ ಕೂತಿದ್ದ. ದಿಬ್ಬದ ಮೇಲಿಂದ ಢಂ ಎಂದು ಒಂದೇ ಒಂದು ಸದ್ದು ಬಂತು. ಸ್ವಲ್ಪ ಹೊತ್ತಿಗೆ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಗ್ರೇಡಿ.

"ಭಾವ, ಜಿಂಕೆ ಬಿತ್ತು. ಭಾರಿ ಇದೆ, ಒಬ್ಬನೇ ಎಳೆಯಕ್ಕಾಗಲ್ಲ. ಸ್ವಲ್ಪ ಬರ್ತೀರಾ? ಗಟ್ಟಿಯಾಗಿ ಹಿಡ್ಕೊಳ್ಳೋ ಕೈ ಬೇಕಿತ್ತು."