ಒಂದೇ ಡಬ್ಬಿಯಲ್ಲಿ ಅತ್ತೆ ಸೊಸೆ

ನಮ್ಮ ಮೈದುನನಿಗೆ ತಲೆ ಕೆಟ್ಟಿದೆ ಎಂದು ನಾನು ಮದುವೆಯಾಗಿ ಬಂದ ವರ್ಷವೇ ಹೇಳಿದ್ದೆ. ಹೊಸಪೇಟೆಯಲ್ಲಿ ಯಾರೂ ನಂಬಲಿಲ್ಲ. ಈಗ ಎಲ್ಲರೂ ನಂಬುತ್ತಾರೆ; ನನಗೇ ಅನುಮಾನ ಶುರುವಾಗಿದೆ!

ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದವನು. ಯಾವುದನ್ನೂ ಎಸೆಯುವ ಜಾತಿಯಲ್ಲ. ಹರಿದ ಕೊಡೆಯ ಕಡ್ಡಿಗೆ ಹೀರೇಬಳ್ಳಿ ಹಬ್ಬಿಸಿದ್ದಾನೆ. ಒಂಟಿ ಚಪ್ಪಲಿ ಯಾಕಿಟ್ಟಿದ್ದೀಯ ಎಂದರೆ, "ಇನ್ನೊಂದು ಯಾರ ಹತ್ರಾರ ಇರ್ತೈತಲ್ಲ ಅತ್ತಿಗಿ, ಹುಡುಕ್ಕೊಂತ ಬರ್ತಾರ!" ಎನ್ನುತ್ತಾನೆ.

ಅವನ ಹತ್ತಿರ ರೊಟ್ಟಿ ಡಬ್ಬಿಯಷ್ಟು ಪುಟ್ಟದೊಂದು ಕಂಪ್ಯೂಟರಿದೆ. ಕಂಪ್ಲಿಯ ನಮ್ಮವ್ವ ಬೀಸುವಾಗ ಹಾಡುತ್ತಿದ್ದ ಪದಗಳನ್ನು ನಾನು ಹೇಳುವುದು, ಅವನು ಒಂದೇ ಬೆರಳಿನಲ್ಲಿ ಕುಟ್ಟುವುದು. ನಾನು ಓದಿದ್ದು ಎರಡನೇ ಕ್ಲಾಸು; ಅವ್ವ ಅದೂ ಇಲ್ಲ. ನನ್ನ ಬಾಯಿ ಮುಚ್ಚಿದರೆ ಪದಗಳ ಬಾಯೂ ಮುಚ್ಚಿದಂತೆ.

ಮರೆತ ಸಾಲು ಅಂಗಳ ಗುಡಿಸುವಾಗ ತಟ್ಟನೆ ಬರುತ್ತದೆ. ಅದನ್ನು ಬಾಯಲ್ಲಿ ನೀರು ತುಂಬಿಕೊಂಡಂತೆ ಹಿಡಿದು ಎರಡು ಓಣಿ ದಾಟಿ ಅವನ ಮನೆಗೆ ಓಡುತ್ತೇನೆ. "ಆರಾಮ ಅದೀರೇನ್ರಿ?" ಅಂದವರಿಗೆ ಉತ್ತರ ಕೊಡುವುದಿಲ್ಲ. ಸೊಕ್ಕಿನ ಮುದುಕಿ ಎಂದು ಹೆಸರಾಗಿದೆ! ಇಷ್ಟು ಮಾಡಿ ಹೋದರೆ ಕಂಪ್ಯೂಟರು ಏಳಬೇಕಲ್ಲ? ಗುರ್ರೆಂದು ಬರೀ ಚಕ್ರ ತಿರುಗಿಸುತ್ತದೆ. ಅಷ್ಟರಲ್ಲಿ ಅವನ ಹೆಂಡತಿ, "ಅಕ್ಕಾ, ಬದ್ನಿಕಾಯಿ ಕೇಜಿ ಹೆಂಗ್ರಿ?" ಎನ್ನುತ್ತಾಳೆ. ನಾನು ಬಾಯಿ ಬಿಡುತ್ತೇನೆ. ಸಾಲು ಹೋಯಿತು!

ಕೊನೆಗೊಂದು ದಿನ "ನನ್ನ ತಲಿ ಸವದೈತಿ, ಸಾಕು ಬಿಡು" ಎಂದೆ. ಹೋಗುವುದನ್ನೇ ನಿಲ್ಲಿಸಿದೆ.

ವಾರ ಬಿಟ್ಟು ಅವನೇ ಕರೆದ. ಡಬ್ಬಿಯ ಹೊಟ್ಟೆ ಬಿಚ್ಚಿ ಕೂತಿದ್ದ. ಕೈಯಲ್ಲಿ ಶೇಂಗಾ ಚಿಕ್ಕಿಯಂಥದ್ದೊಂದು ತುಂಡು.

"ಎಸ್‌ಎಸ್‌ಡಿ, ಅತ್ತಿಗಿ. ಹೊಸಾ ನಮೂನಿ ಡಿಸ್ಕು, ಭಾಳ ಜಲ್ದಿ."

"ಮತ್ತ ಹಳೇ ಡಿಸ್ಕ್ ಒಗದಬಿಡ್ತಿಯೇನು?"

"ಯಾಕ ಒಗೀಲಿ? ಪದ, ಫೋಟೋ ಎಲ್ಲಾ ಅದರಾಗ ಇರ್ಲಿ. ಹೊಸದು ಮಷಿನ್ ಎಬ್ಬಿಸಿ ಬಾಗ್ಲಾ ತಗದ್ರ ಸಾಕು."

"ಅಂದ್ರ ಉಗ್ರಾಣದ ಕೀಲಿ ಅತ್ತಿ ಕೈಯಾಗ, ಓಡಾಟ ಸೊಸಿದು?"

"ಹೌದ್ ನೋಡ್ರಿ!"

"ಒಂದ ಡಬ್ಬ್ಯಾಗ? ಎಷ್ಟ ದಿನ ಬಾಳ್ತಾರೋ!"

ಬಾಳುತ್ತಿದ್ದಾರೆ. ಅತ್ತೆ ಈಗಲೂ ಗುರ್ರೆನ್ನುತ್ತಾಳೆ, ಸೊಸೆ ಉಸಿರೆತ್ತುವುದಿಲ್ಲ. ಇಂಥವಳು ನನಗ್ಯಾಕೆ ಸಿಗಲಿಲ್ಲ? ಆ ದಿನ ಅವನು ಗುಂಡಿ ಒತ್ತಿದ. ನಾನು ಸೆರಗು ಸರಿಮಾಡಿ ಕೂರುವುದರೊಳಗೆ ಪರದೆ ಬೆಳಗಿತು!

"ಈ ಹುಚ್ಚು ಯಾಕ ಹತ್ತಿತೋ ನಿನಗ?"

ಸ್ಕ್ರೂ ತಿರುಗಿಸುತ್ತಲೇ ಹೇಳಿದ: "ತಲಿ ಸವದೈತಿ ಅಂತ ಎದ್ದು ಹೋದ್ರಲ್ಲ, ಅದಕ್ಕ. ತಪ್ಪು ನಿಮ್ಮ ತಲಿದಲ್ಲ ಅತ್ತಿಗಿ, ಮಷಿನ್ದು."

ಪರದೆಯಲ್ಲಿ ಅವ್ವನ ಪದಗಳಿದ್ದವು. ನಾನು ಮರೆತ ಸಾಲುಗಳ ಜಾಗವನ್ನೆಲ್ಲ ಖಾಲಿ ಬಿಟ್ಟಿದ್ದ. ತಾನೇ ಏನೋ ಕಟ್ಟಿ ತುಂಬಿರಲಿಲ್ಲ.

ಮನೆಗೆ ಹೊರಟೆ. ಓಣಿಯಲ್ಲಿ ಯಾರೋ "ಆರಾಮ ಅದೀರೇನ್ರಿ?" ಎಂದರು. ಆ ದಿನ ನನ್ನ ಬಾಯಲ್ಲಿ ಯಾವ ಸಾಲೂ ಇರಲಿಲ್ಲ. ಆದರೂ ಬರೀ ಕೈ ಬೀಸಿ ಮುಂದೆ ಹೋದೆ; ತಲೆಯಲ್ಲಿ ಅವನು ಬಿಟ್ಟ ಖಾಲಿ ಜಾಗಗಳೇ ಇದ್ದವು.