ಸಿಪಿಲೆಯ ಇನ್ನೊಂದು ಕಾಲು

ಜಂಬ ಕೊಚ್ಚಿಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ನನ್ನ ಜಂಬವನ್ನು ಹೇಳಲು ಅವರು ಬಿಡುವುದಿಲ್ಲ. ಮಾಣಿಕನಗರದಲ್ಲಿ ನಮ್ಮದು ಬಳೆ ಅಂಗಡಿ. ಅಜ್ಜನ ಕಾಲದಿಂದ ಹುಮನಾಬಾದ್ ಸೀಮೆಯ ಹೆಣ್ಣುಮಕ್ಕಳ ಕೈಗೆ ಬಳೆ ಇಟ್ಟ ಮನೆತನ. ಆದರೆ ನನ್ನ ಹೆಮ್ಮೆ ಅದಲ್ಲ. ಈ ಚಳಿಗಾಲ ಒಂದು ಹಕ್ಕಿಗೆ ಬಳೆ ಇಡುವಾಗ ನಾನು ಅಲ್ಲಿದ್ದೆ.

ಚಳಿ ಬಿತ್ತೆಂದರೆ ನನಗೆ ಹಕ್ಕಿ ನೋಡುವ ಹುಚ್ಚು. ಅಂಗಡಿ ತೆರೆಯುವ ಮೊದಲು ದುರ್ಬೀನು ಕೊರಳಿಗೆ ಹಾಕಿಕೊಂಡು ಘಾಟಬೋರಾಳದ ಕಡಲೆ ಹೊಲಗಳ ಕಡೆ ಹೊರಡುತ್ತೇನೆ. ತಮ್ಮನ್ನೇ ನೋಡುತ್ತಿದ್ದಾನೆಂದು ಹೊಲದ ಹೆಂಗಸರು ಒಮ್ಮೆ ಗದರಿಸಿದ ಮೇಲೆ ಹೆಂಡತಿ ಮಾದೇವಿಯನ್ನೂ ಜೊತೆಗೆ ಕರೆದೊಯ್ಯುತ್ತೇನೆ. ಈ ಸಲ ಒಂದು ದಿನ ಅಲ್ಲಿಗೆ, ಹಕ್ಕಿಗಳ ವಲಸೆ ತಿಳಿಯಲು ಅವುಗಳ ಕಾಲಿಗೆ ಉಂಗುರ ತೊಡಿಸುವ ತಂಡವೊಂದು ಬಂದಿತ್ತು. ಮೈಸೂರು ಕಡೆಯ ಮೇಡಂ ಒಬ್ಬರು ಬಲೆಯಿಂದ ಹಳದಿ ಸಿಪಿಲೆಯನ್ನು ಬಿಡಿಸಿ ತಂದರು. ನಿಂತಲ್ಲಿ ನಿಲ್ಲದೆ ಬಾಲ ಕುಣಿಸುವ, ಹಿಮಾಲಯದಾಚೆಯಿಂದ ಬರುವ ಪುಟ್ಟ ಹಕ್ಕಿ. ಕಾಲು ಊದುಕಡ್ಡಿಯಷ್ಟು ತೆಳ್ಳಗೆ. ನನ್ನ ಕೈ ತುರಿಸತೊಡಗಿತು.

"ನಾ ಇಡ್ತೀನ್ರಿ ಮೇಡಂ. ನಮ್ಮ ಕಸಬೇ ಇದು."

"ಇದಕ್ಕೆ ತರಬೇತಿ, ಪರವಾನಗಿ ಎಲ್ಲ ಬೇಕು ಸರ್," ಎಂದು ಅವರು ಇಕ್ಕಳದಿಂದ ಉಂಗುರವನ್ನು ಮೆಲ್ಲಗೆ ಒತ್ತಿದರು.

"ತಿರಗಬೇಕು, ಜಾರಬಾರದು ನೋಡ್ರಿ," ಎಂದೆ ತಡೆಯಲಾರದೆ. ಮೇಡಂ ತಲೆಯೆತ್ತಿ, "ನಮ್ಮ ಹುಡುಗರಿಗೆ ದಿನಾ ಇದನ್ನೇ ಹೇಳ್ತೀನಿ," ಎಂದರು. ಎದೆ ಉಬ್ಬಿ ಸ್ವೆಟರ್ ಬಿಗಿಯಾಯಿತು.

ಅಷ್ಟಕ್ಕೆ ಸುಮ್ಮನಿದ್ದರೆ ಚೆನ್ನಾಗಿತ್ತು. ಹಕ್ಕಿಯನ್ನು ಹಾರಿಬಿಡಲು ಅವರು ನನ್ನ ಕೈಗೇ ಕೊಟ್ಟರು. ನೋಡಿದರೆ ಒಂದು ಕಾಲು ಬರಿದು! ಒಂದು ಕೈಗೆ ಬಳೆ ಇಟ್ಟು ಇನ್ನೊಂದನ್ನು ಬರಿದು ಬಿಟ್ಟು ನಮ್ಮಂಗಡಿಯಿಂದ ಯಾರನ್ನೂ ಕಳಿಸಿದ್ದಿಲ್ಲ.

"ಇನ್ನೊಂದು ಕಾಲಿಗಿ ಇಡ್ರಿ ಮೇಡಂ. ಹಿಂಗ ಹೋದ್ರ ಮಂದಿ ನಮಗ ಏನಂತಾರ?"

"ಯಾವ ಮಂದಿ ಸರ್?"

"ಹಿಮಾಲಯದಾಗ ನೋಡಾವ್ರು."

ಒಂದೇ ಸಾಕು, ಹಾರುವ ಜೀವಕ್ಕೆ ಹೆಚ್ಚಿನ ಭಾರ ಯಾಕೆಂದು ಅವರು ಒಪ್ಪಲಿಲ್ಲ. ಕೈ ಬಿಚ್ಚಿದೆ. ಸಿಪಿಲೆ ಕಡಲೆ ಹೊಲದ ಮೇಲೆ ಏರುತ್ತ ಇಳಿಯುತ್ತ ಹೋಯಿತು. ನನಗೆ ಕಣ್ಣು ತುಂಬಿತು, ಹೇಳಲು ನಾಚಿಕೆಯಿಲ್ಲ.

ಅಂದಿನಿಂದ ಅಂಗಡಿಗೆ ಬಂದವರಿಗೆಲ್ಲ ಇದೇ ಕಥೆ. ಬರಬರುತ್ತ ಇಕ್ಕಳ ಮೇಡಂ ಕೈಯಿಂದ ನನ್ನ ಕೈಗೆ ಬಂತು. ಮೊನ್ನೆ ನಿರ್ಣಾದಿಂದ ಬಂದ ಗಿರಾಕಿಗಳ ಮುಂದೆ, "ಒಂದು ಕಾಲು ಬರಿದು ಕಳಿಸಿದ್ದು ಇವತ್ತಿಗೂ ಮನಸಿಗಿ ಚುಚ್ಚಾಕತ್ತದ್ರಿ," ಎನ್ನುತ್ತಿದ್ದೆ. ಚಹಾ ತಂದ ಮಾದೇವಿ ಕಪ್ ಕೆಳಗಿಟ್ಟು ಎಡಗೈಯನ್ನು ನನ್ನ ಮುಂದೆ ಚಾಚಿದಳು.

"ಹಕ್ಕಿ ಚಿಂತಿ ಆಮ್ಯಾಲ ಮಾಡ್ರಿ. ಈ ಕೈ ಬರಿದಾಗಿ ವಾರ ಆತು, ನೋಡೀರೇನು?"

ಗೋಡೆ ತುಂಬ ಬಳೆ, ಆ ಕೈಯಲ್ಲಿ ಒಂದೂ ಇಲ್ಲ. ಗಿರಾಕಿಗಳು ಸೆರಗನ್ನು ಬಾಯಿಗೆ ಹಿಡಿದರು. ನಾನು ಹಸಿರು ಬಳೆಯ ಡಬ್ಬಿ ಇಳಿಸಿ ಕೂತೆ. ಗಡಿಬಿಡಿಯಲ್ಲಿ ಎರಡು ಒಡೆದವು. ಆ ದಿನ ಸಿಪಿಲೆಯ ಹೆಸರೆತ್ತಲಿಲ್ಲ. ಈಗ ಮತ್ತೆ ಹೇಳುತ್ತಿದ್ದೇನೆ, ಮೊದಲು ಮಾದೇವಿಯ ಎರಡೂ ಕೈ ನೋಡಿಕೊಂಡು.