ಡಿಕ್ಕಿಯೊಳಗಿನ ಗುಡುಗು

ಬೀದಿಯ ನಾಯಿಗಳೂ ಎದ್ದು ಕಿವಿ ನಿಮಿರಿಸಬೇಕು, ಅಂಥ ಬೇಸ್ ಸದ್ದನ್ನು ನನ್ನ ಕಾರಿನಿಂದ ಹೊರಡಿಸದಿದ್ದರೆ ನನ್ನ ಹೆಸರನ್ನೇ ಬದಲಾಯಿಸಿಕೊಳ್ಳುತ್ತೇನೆ! ಹೀಗೆಂದು ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿದೆ.

"ಬದಲಾಯಿಸ್ಕೊಳ್ಳಿ. ಹೇಗೂ ಆ ಹೆಸರು ಹಿಡಿದು ಕರೆದ್ರೆ ನೀವು ಓಗೊಡೋದೇ ಇಲ್ವಲ್ಲ," ಎಂದಳು ಹೆಂಡತಿ. "ಕನ್ನಡಕದ ಅಂಗಡೀಲಿ ಕೆಲಸ ಮಾಡೋರು ಕಣ್ಣು ನೋಡ್ಕೊಂಡಿದ್ರೆ ಸಾಲ್ದೇನ್ರೀ? ಕಿವಿ ಉಸಾಬರಿ ಯಾಕೆ?"

ಕಲೆಯ ಬೆಲೆ ಅವಳಿಗೇನು ಗೊತ್ತು! ಬಕೆಟಿನ ಬಾಯಷ್ಟು ಅಗಲದ ಸಬ್‌ವೂಫರ್ ಸ್ಪೀಕರ್ ಹೊತ್ತು ತಂದೇಬಿಟ್ಟೆ. ಆದರೆ ಡಿಕ್ಕಿಯಲ್ಲಿ ತರಕಾರಿ ಚೀಲಕ್ಕೆ ಜಾಗ ಬಿಡಲೇಬೇಕೆಂದು ಗೃಹಖಾತೆಯಿಂದ ಆಜ್ಞೆಯಾಯಿತು. ಸರಿ, ಆ ಮಹಾಕಾಯನನ್ನು ಪುಟ್ಟ ಮರದ ಪೆಟ್ಟಿಗೆಯೊಳಗೆ ತುರುಕಿ, ಮನೆಯವರನ್ನೆಲ್ಲ ಗೇಟಿನ ಬಳಿ ನಿಲ್ಲಿಸಿ, ಗುಂಡಿ ಒತ್ತಿದೆ.

ಡಬ್! ಡಬ್! ಡಬ್!

"ಪಕ್ಕದ್ಮನೇಲಿ ಯಾರೋ ಹಾಸಿಗೆ ಕೊಡವ್ತಿದಾರೆ," ಎಂದಳು ಹೆಂಡತಿ.

ಬೇಸ್ ಬರಲಿಲ್ಲ, ಬೇಸರ ಬಂತು.

ಇದ್ದಬದ್ದ ಪುಸ್ತಕ, ವಿಡಿಯೊಗಳನ್ನೆಲ್ಲ ಜಾಲಾಡಿದ ಮೇಲೆ ಗುಟ್ಟು ತಿಳಿಯಿತು. ಎಲ್ಲ ಅನುರಣನದ ಮಹಿಮೆ! ಉಯ್ಯಾಲೆಗೆ ಇರುವಂತೆ ಪ್ರತಿ ಸ್ಪೀಕರಿಗೂ ತಾನಾಗಿಯೇ ತೂಗುವ ಒಂದು ಲಯವಿರುತ್ತದೆ. ಅದಕ್ಕಿಂತ ಕೆಳಗಿನ ಸ್ವರ ಕೇಳಿದರೆ ಮುಖ ತಿರುಗಿಸಿಬಿಡುತ್ತದೆ. ಪೆಟ್ಟಿಗೆ ಚಿಕ್ಕದಾದಷ್ಟೂ ಒಳಗಿನ ಗಾಳಿ ಬಿಗಿಯಾದ ಸ್ಪ್ರಿಂಗಿನಂತಾಗಿ ಆ ಲಯವನ್ನು ಮೇಲಕ್ಕೆ ತಳ್ಳುತ್ತದೆ. ಕೆಳಗಿನ ಗಂಭೀರ ಸ್ವರಗಳಿಗೆಲ್ಲ ಗೋವಿಂದ!

"ನೋಡೇ, ಸ್ಪೀಕರಿನ ಲಯ ಅರವತ್ತು ಹರ್ಟ್ಜ್‌ಗೆ ಏರಿ ಕೂತಿದೆ. ಮೂವತ್ತಕ್ಕಾದ್ರೂ ಇಳಿಸ್ಬೇಕು," ಎಂದು ಹೆಂಡತಿಗೆ ವಿವರಿಸಿದೆ.

ನಮ್ಮ ಜೊತೆಯಲ್ಲೇ ಇರುವ ಅತ್ತೆಗೆ ಕಿವಿ ಸ್ವಲ್ಪ ಮಂದ. ಸೋಫಾದಿಂದಲೇ ಕಿವಿಗೆ ಕೈ ಆನಿಸಿ, "ಯಾರಿಗೇ ಹರ್ಟ್ ಆಗಿದ್ದು?" ಎಂದರು.

"ನಂಗೇ ಅಮ್ಮಾ!" ಎಂದಳು ಹೆಂಡತಿ.

ಅವಳು ಕೆಲಸಕ್ಕೆ ಹೋದ ಹೊತ್ತು ನೋಡಿ ಹಿಂದಿನ ಸೀಟಿನ ಅರ್ಧ ಭಾಗ ಬಿಚ್ಚಿದೆ. ಡಿಕ್ಕಿಯಿಂದ ಅಲ್ಲಿಯವರೆಗೂ ಚಾಚುವ, ಬೀರುವಿನಂಥ ಪೆಟ್ಟಿಗೆ ಕೂರಿಸಿದೆ. ಸಂಜೆ ಬಂದವಳು ಕಾರಿನ ಸುತ್ತ ಒಂದು ಸುತ್ತು ಹಾಕಿದಳು.

"ರೀ, ಕಾರಿಗೆ ಪೆಟ್ಟಿಗೆ ಇಟ್ಟಿದೀರೋ, ಪೆಟ್ಟಿಗೆಗೆ ಕಾರು ತೊಡಿಸಿದೀರೋ?"

ಮರುದಿನ ಬೆಳಿಗ್ಗೆಯೇ ಗ್ರಹಚಾರ ಕಾದಿತ್ತು. ಅತ್ತೆಯ ಸೊಂಟ ಹಿಡಿದುಬಿಟ್ಟಿತು! ಡಾಕ್ಟರ ಬಳಿ ಕರೆದೊಯ್ಯಬೇಕು. ಕೂರಿಸಲು ಉಳಿದಿರುವುದು ಅರ್ಧ ಸೀಟು. ಇಬ್ಬರೂ ಸೇರಿ, ಬಾಗಿಲಲ್ಲಿ ಸೋಫಾ ತೂರಿಸುವಂತೆ ಅವರನ್ನು ಹಿಂದೆ ಮುಂದೆ ತಿರುಗಿಸಿ ಒಳಗೆ ಕೂರಿಸಿದೆವು. ನೇರ ಕೂರಲಾಗದೆ ಅವರು ಬಾಗಿಲ ಕಡೆ ತಿರುಗಿ ನನ್ನ ಪೆಟ್ಟಿಗೆಗೇ ಬೆನ್ನು ಕೊಟ್ಟು ನರಳಿದರು. ಹೆಂಡತಿ ನನ್ನ ಪಕ್ಕ ಕೂತಳು.

ಸಿಗ್ನಲ್ಲಿನಲ್ಲಿ ನಿಂತಾಗ ಕೈ ಸುಮ್ಮನಿರಲಿಲ್ಲ. ಹೊಸ ಪೆಟ್ಟಿಗೆಯನ್ನು ಇನ್ನೂ ಪರೀಕ್ಷೆ ಮಾಡಿರಲಿಲ್ಲವಲ್ಲ! ಹಾಡಲ್ಲ, ಬರೀ ಒಂದೇ ಸ್ವರದ ಪರೀಕ್ಷಾ ಸದ್ದು. ಮೆಲ್ಲಗೆ ಹಾಕಿದೆ. ಬೆರಳು ಜಾರಿ ಮೆಲ್ಲಗೆ ಎಂಬುದು ಜೋರಾಯಿತು.

ಗೂಂಂಂಂಂ!

ಕನ್ನಡಿ ನಡುಗಿತು. ನಂಬರ್ ಪ್ಲೇಟು ತಾಳ ಹಾಕಿತು. ನನ್ನ ಕನ್ನಡಕ ಮೂಗಿನಿಂದ ಜಾರಿ ಮಡಿಲಿಗೆ ಬಿತ್ತು. ಪಕ್ಕದ ಲಾರಿಯವನು ಗಾಬರಿಯಿಂದ ಕೆಳಗಿಳಿದು ತನ್ನ ಎಂಜಿನ್ ನೋಡತೊಡಗಿದ. ಹಿಂದಿನಿಂದ ಅತ್ತೆಯ ಕೂಗು: "ಅಯ್ಯಯ್ಯಯ್ಯೋ!"

ಮೂವತ್ತು ಹರ್ಟ್ಜ್ ಸಾಧಿಸಿದ ಕ್ಷಣದಲ್ಲೇ ಅತ್ತೆಯನ್ನು ಕಳೆದುಕೊಂಡೆನೆ? ತಟ್ಟನೆ ಸದ್ದು ಆರಿಸಿದೆ.

"ಅಮ್ಮಾ! ಏನಾಯ್ತಮ್ಮಾ?" ಎಂದು ಹೆಂಡತಿ ಚೀರಿದಳು.

ಅತ್ತೆ ಕಣ್ಣು ಮುಚ್ಚಿಕೊಂಡೇ ಸಿಡುಕಿದರು. "ಯಾಕೆ ನಿಲ್ಲಿಸಿದ್ರಿ ಅಳಿಯಂದ್ರೇ? ಸರಿಯಾಗಿ ಹಿಡ್ಕೊಂಡಿರೋ ಜಾಗಕ್ಕೇ ತಾಗ್ತಿತ್ತು! ಹಾಕಿ, ಹಾಕಿ!"

ಆಸ್ಪತ್ರೆಯ ಬಾಗಿಲಿಗೆ ಬರುವಷ್ಟರಲ್ಲಿ ಅವರೇ ಕಾರಿನ ಬಾಗಿಲು ತೆರೆದು ಇಳಿದರು. ಬಗ್ಗಿದರು, ಎದ್ದರು, ಕಾರಿನ ಸುತ್ತ ಒಂದು ಸುತ್ತು ಬಂದು ಮತ್ತೆ ಒಳಗೆ ಕೂತರು. "ಡಾಕ್ಟ್ರು ಬೇಡ. ಗಾಡಿ ತಿರುಗ್ಸಿ."

ನನ್ನ ಎದೆ ಪೆಟ್ಟಿಗೆಗಿಂತ ಹಿರಿದಾಗಿ ಉಬ್ಬಿತು. ಆ ಸಂತೋಷದಲ್ಲಿ ಒಂದು ಒಳ್ಳೆಯ ಹಾಡು ಹಾಕಿದೆ. ತಕ್ಷಣ ನನ್ನ ಸೀಟಿಗೆ ಹಿಂದಿನಿಂದ ಗುದ್ದು ಬಿತ್ತು.

"ಆ ಗಲಾಟೆ ತೆಗೀರಿ. ಬರೀ ಗೂಂ ಸಾಕು."

ಸುದ್ದಿ ಬೀದಿಗೆ ಬೀಳಲು ಎಷ್ಟು ಹೊತ್ತು? ಟೈಲರನ ತಾಯಿ ಕುತ್ತಿಗೆ ಹಿಡಿದುಕೊಂಡು ಬಂದರು. ನಿವೃತ್ತ ಹೆಡ್‌ಮೇಡಂ ಮಂಡಿ ನೋವೆಂದು ಬಂದರು. ಬೆನ್ನು ಒರಗಿಸುವ ಪೆಟ್ಟಿಗೆಗೆ ಮಂಡಿ ಒರಗಿಸುವುದು ಹೇಗೆಂದು ಅವರನ್ನು ಕೇಳುವ ಧೈರ್ಯ ಬೀದಿಯಲ್ಲಿ ಯಾರಿಗಿದೆ? ಗೇಟಿನ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಸಾಲಾದವು. ಕಾರಿನ ಕೀಲಿ ಅತ್ತೆಯ ಸೆರಗಿನ ತುದಿ ಸೇರಿತು. ಅಂಗಡಿಗೆ ಹೋಗಲು ನನ್ನನ್ನು ಬಸ್ಸಿಗೆ ಅಟ್ಟಿದರು.

"ಅಮ್ಮ ಇಷ್ಟು ನಕ್ಕಿದ್ದು ಅಪ್ಪ ಹೋದ್ಮೇಲೆ ಇದೇ ಮೊದಲು ಕಣ್ರೀ," ಎಂದಳು ಹೆಂಡತಿ, ಅಡಿಗೆಮನೆಯ ಕಿಟಕಿಯಿಂದ ಆ ಕಡೆ ನೋಡುತ್ತಾ. ಕೀಲಿ ಕೇಳಲು ಬಂದಿದ್ದ ನಾನು ಬಸ್ಸಿಗೆ ಚಿಲ್ಲರೆ ಎಣಿಸಿಕೊಂಡು ಹೊರಟೆ.

ದಿನವೂ ಬಸ್ಸಿನಲ್ಲಿ ಕಂಬಿ ಹಿಡಿದು ಜೋತಾಡಿದ ಫಲ, ಒಂದು ಸಂಜೆ ಇಳಿಯುವಾಗ ನನ್ನ ಸೊಂಟವೂ ಚಕ್ ಎಂದಿತು. ಪ್ರಶ್ನಾರ್ಥಕ ಚಿಹ್ನೆಯಂತೆ ಬಾಗಿ, ಮನೆಯೊಳಗೂ ಹೋಗದೆ ನೇರ ಕಾರಿನ ಬಾಗಿಲಿಗೆ ಕೈ ಹಾಕಿದೆ.

"ಏಯ್! ಸರತಿ ಇರೋದು ಕಾಣಲ್ವಾ?" ಹೆಡ್‌ಮೇಡಂ ಗುಡುಗಿದರು. ಅದೂ ಮೂವತ್ತು ಹರ್ಟ್ಜ್‌ಗಿಂತ ಕೆಳಗೇ ಇತ್ತು.

"ಮೇಡಂ, ಇದು ನನ್ನ ಕಾರು!"

ಅವರು ಕನ್ನಡಕ ಏರಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಹೌದಾ? ಒಳ್ಳೇದಾಯ್ತು. ನಿನ್ನೆಯಿಂದ ಬ್ಯಾಟರಿ ವೀಕ್ ಆಗಿದೆ, ಗೂಂ ಅನ್ನೋದು ಕುಂಯ್ ಅಂತಿದೆ. ಮೊದ್ಲು ಅದನ್ನ ಸರಿ ಮಾಡಿಸ್ಕೊಂಡು ಬನ್ನಿ. ಆಮೇಲೆ ನನ್ನ ಹಿಂದೆ ನಿಂತ್ಕೊಳ್ಳಿ!"